ಗೊರಕೆಗೂ ಫ್ಯಾಟಿ ಲಿವರ್‌ಗೂ ಸಂಬಂಧ ಇದೆಯಾ? ನನ್ನ ಎರಡು ರಿಪೋರ್ಟ್‌ಗಳನ್ನು ಪಕ್ಕಪಕ್ಕ ಇಟ್ಟಾಗ

ತುಂಗಾತೀರದವ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನಗೆ 44 ವರ್ಷ. ಊರು ಶಿವಮೊಗ್ಗ, ಕೆಲಸ ಬೆಂಗಳೂರಲ್ಲಿ. ಎರಡು ವರ್ಷದ ಹಿಂದೆ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಹೊಟ್ಟೆ ಸ್ಕ್ಯಾನ್ ಮಾಡಿದಾಗ 'ಗ್ರೇಡ್ 2 ಫ್ಯಾಟಿ ಲಿವರ್' ಅಂತ ಬಂತು. ಅಂದರೆ ಲಿವರ್‌ನಲ್ಲಿ ಕೊಬ್ಬು ಮಧ್ಯಮ ಮಟ್ಟಕ್ಕೆ ತುಂಬಿದೆ ಅಂತ. ನಾನು ಕುಡಿಯುವವನಲ್ಲ. ಕರಿದಿದ್ದು ಬಿಡಿ, ವಾಕಿಂಗ್ ಮಾಡಿ ಅಂದರು. ಒಂದು ತಿಂಗಳು ಮಾಡಿದೆ. ಆಮೇಲೆ ಆಗಲಿಲ್ಲ. ಸೋಮಾರಿತನ ಅಂತ ಮನೆಯವರು ಅಂದುಕೊಂಡರು, ನಾನೂ ಹಾಗೇ ಅಂದುಕೊಂಡೆ. ಬೆಳಿಗ್ಗೆ ಏಳುವಾಗಲೇ ಮೈಯೆಲ್ಲ ಭಾರ, ತಲೆನೋವು. ಮಧ್ಯಾಹ್ನ ಊಟ ಆದಮೇಲೆ ಕಂಪ್ಯೂಟರ್ ಮುಂದೆ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತಿತ್ತು.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆವು. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಮಲಗಿದ್ದು. ಬೆಳಿಗ್ಗೆ ನನ್ನ ಅಮ್ಮ ಕಾಫಿ ಕೊಡುತ್ತಾ, "ನಿನ್ನ ಗೊರಕೆ ನಿಂತಾಗ ನನಗೆ ಭಯ ಆಗುತ್ತೆ ಕಣೋ" ಅಂದರು. ಗೊರಕೆ ಹೊಡೆಯುವಾಗ ಅಲ್ಲ, ನಿಂತಾಗ. ಆ ರಾತ್ರಿ ನನ್ನ ಹೆಂಡತಿ ಮೊಬೈಲಲ್ಲಿ ವಿಡಿಯೋ ಮಾಡಿದಳು. ನೋಡಿದೆ. ಜೋರು ಗೊರಕೆ, ಆಮೇಲೆ ಪೂರ್ತಿ ಮೌನ. ಎದೆ, ಹೊಟ್ಟೆ ಮೇಲೆ ಕೆಳಗೆ ಹೋಗುತ್ತಿದೆ, ಆದರೆ ಗಾಳಿಯ ಸದ್ದೇ ಇಲ್ಲ. ಅವಳು ಪಕ್ಕದಲ್ಲಿ ಪಿಸುಮಾತಿನಲ್ಲಿ ಎಣಿಸುತ್ತಿದ್ದಾಳೆ. 28ಕ್ಕೆ ಬಂದಾಗ ನಾನು ನೀರಿನಿಂದ ಮೇಲೆ ಬಂದವನ ಹಾಗೆ ಉಸಿರೆಳೆದುಕೊಂಡು ಮಗ್ಗಲು ಬದಲಿಸಿದೆ. ನನಗೆ ಅದರ ನೆನಪೇ ಇಲ್ಲ.

ನಿದ್ದೆ ಪರೀಕ್ಷೆ ಮಾಡಿಸಿದೆ. ಗಂಟೆಗೆ 41 ಸಲ ಉಸಿರು ನಿಲ್ಲುವುದು ಅಥವಾ ಅರ್ಧಕ್ಕೆ ಇಳಿಯುವುದು. ರಕ್ತದಲ್ಲಿ ಆಮ್ಲಜನಕ ಒಂದು ಹಂತದಲ್ಲಿ ನೂರಕ್ಕೆ 74ಕ್ಕೆ ಇಳಿದಿತ್ತು. ರಿಪೋರ್ಟ್ ನೋಡಿದ ಶ್ವಾಸಕೋಶದ ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ: "ಲಿವರ್ ಸ್ಕ್ಯಾನ್ ಯಾವಾಗಲಾದರೂ ಮಾಡಿಸಿದ್ದೀರಾ?"

ಎರಡು ವರ್ಷದಿಂದ ನನ್ನ ಲಿವರ್ ನೋಡುತ್ತಿದ್ದವರು ಒಮ್ಮೆಯೂ ನಿದ್ದೆ ಬಗ್ಗೆ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಹೇಳುವಂಥದ್ದು ಅಂತ ಗೊತ್ತೇ ಇರಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಎರಡೂ ಇದೆಯಾ? ಒಂದಕ್ಕೆ ಚಿಕಿತ್ಸೆ ತಗೊಂಡರೆ ಇನ್ನೊಂದು ಸರಿಹೋಗುತ್ತಾ?

ಹುಬ್ಬಳ್ಳಿ ಮನೆಮಾತು
ಅಣ್ಣಾರ, ನಿಮ್ಮ ಬರಹ ಓದಿ ಕೈ ನಡುಗಿತು. ನಮ್ಮ ಯಜಮಾನರದ್ದು ಇದೇ ಕಥೆ. 52 ವರ್ಷ, ಲಾರಿ ಓಡಿಸುತ್ತಾರೆ. ಹುಬ್ಬಳ್ಳಿಯಿಂದ ಪುಣೆ, ಮುಂಬೈ. ಮನೆಗೆ ಬಂದ ದಿನ ಗೊರಕೆ ಎಷ್ಟೆಂದರೆ ಮಕ್ಕಳು ಅತ್ತಿಗೆ ಮನೆಗೆ ಹೋಗಿ ಮಲಗುತ್ತಾರೆ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ಶುಗರ್ ಇರಬೇಕು ಅಂತ ಎರಡು ಸಲ ರಕ್ತ ಪರೀಕ್ಷೆ ಮಾಡಿಸಿದ್ವಿ. ಶುಗರ್ ಇಲ್ಲ. ಆದರೆ ಲಿವರ್ ಸ್ವಲ್ಪ ಏರಿದೆ ಅಂತ ಬಂತು. ಕುಡಿತ ಬಿಟ್ಟು ಹತ್ತು ವರ್ಷ ಆಯಿತು, ಯಾರೂ ನಂಬುವುದಿಲ್ಲ. ಅದೇ ಅವರಿಗೆ ದೊಡ್ಡ ನೋವು.

ಮೈಸೂರು ಮಲ್ಲಿಗೆ
ನಿಮ್ಮವರನ್ನು ನಂಬಬೇಕು ತಂಗಿ. ಕುಡಿಯದವರಿಗೂ ಇದು ಬರುತ್ತೆ. ನನ್ನ ತಮ್ಮನಿಗೂ ಬಂತು. ಸಿಗರೇಟ್ ಕೂಡ ಮುಟ್ಟದವನು.

ಕರಾವಳಿ ವೈದ್ಯ
ನಮಸ್ಕಾರ. ನಾನು ಲಿವರ್ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ಇಲ್ಲಿ ಯಾರಿಗೂ ಔಷಧಿ ಬರೆದುಕೊಡುವುದಿಲ್ಲ. ಆದರೆ ಈ ಸಂಬಂಧ ಹೇಗೆ ಅಂತ ಹೇಳಬಲ್ಲೆ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ಕನಿಷ್ಠ 10 ಸೆಕೆಂಡ್ ಗಾಳಿ ನಿಂತರೆ ಅದನ್ನು ಒಂದು ಅಪ್ನಿಯ ಅಂತ ಲೆಕ್ಕ ಹಾಕುತ್ತಾರೆ. ಗಾಳಿ ಅರ್ಧಂಬರ್ಧ ಆದರೂ, ಆಮ್ಲಜನಕ ಇಳಿದರೆ ಅದನ್ನೂ ಸೇರಿಸುತ್ತಾರೆ. ಗಂಟೆಗೆ 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ತುಂಗಾತೀರದವರೇ, ನಿಮ್ಮದು ತೀವ್ರ.

ಈಗ ಲಿವರ್. ಅದಕ್ಕೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳನ್ನು ಸುತ್ತಿಕೊಂಡು ಬರುತ್ತದೆ. ಅಂದರೆ ಆಮ್ಲಜನಕವನ್ನು ಆಗಲೇ ಸ್ವಲ್ಪ ಖರ್ಚು ಮಾಡಿಕೊಂಡು ಬಂದ ರಕ್ತ. ಅದು ಲಿವರ್ ಒಳಗೆ ಹರಿಯುತ್ತಾ ಹರಿಯುತ್ತಾ ಕೊನೆಯಲ್ಲಿರುವ ಜೀವಕೋಶಗಳಿಗೆ ಸಿಗುವುದು ಇನ್ನೂ ಕಡಿಮೆ. ನಿಮ್ಮ ಭದ್ರಾ ನಾಲೆಯ ಕೊನೆ ಭಾಗದ ಗದ್ದೆಗಳನ್ನು ನೆನೆಸಿಕೊಳ್ಳಿ. ಡ್ಯಾಮಲ್ಲಿ ನೀರು ಸ್ವಲ್ಪ ಇಳಿದರೂ ಮೊದಲು ಒಣಗುವುದು ಆ ಗದ್ದೆಗಳೇ. ದೊಡ್ಡವರಲ್ಲಿ ಫ್ಯಾಟಿ ಲಿವರ್ ಸಾಮಾನ್ಯವಾಗಿ ಶುರುವಾಗುವುದೂ ಲಿವರ್‌ನ ಆ ಕೊನೆ ಭಾಗದಲ್ಲೇ. ರಾತ್ರಿಯಿಡೀ ಆಮ್ಲಜನಕ ಇಳಿದು ಏರಿ, ಇಳಿದು ಏರಿ ಮಾಡಿದರೆ ಆ ಭಾಗಕ್ಕೆ ಪೆಟ್ಟು ಬೀಳುತ್ತದೆ.

ಇದರ ಜೊತೆ ಇನ್ನೂ ಮೂರ್ನಾಲ್ಕು ನಡೆಯುತ್ತದೆ. ಉಸಿರು ಕಟ್ಟಿದಾಗಲೆಲ್ಲ ದೇಹ ಗಾಬರಿಯಾಗಿ ಅಡ್ರಿನಲಿನ್ ಥರದ ಹಾರ್ಮೋನ್ ಬಿಡುತ್ತದೆ. ಅದರಿಂದ ಮೈಯಲ್ಲಿರುವ ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ. ಮಲಗಿರುವ ಮನುಷ್ಯನಿಗೆ ಆ ಕೊಬ್ಬು ಖರ್ಚಾಗುವುದಿಲ್ಲ, ಲಿವರ್‌ನಲ್ಲಿ ಹೋಗಿ ಕೂರುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಮ್ಲಜನಕ ಕಡಿಮೆಯಾದಾಗ ಎಚ್ಚರಗೊಳ್ಳುವ ಕೆಲವು ಜೀನ್‌ಗಳು ಲಿವರ್‌ಗೆ ಹೊಸ ಕೊಬ್ಬು ತಯಾರಿಸು ಅಂತ ಹೇಳುತ್ತವೆ. ಜೊತೆಗೆ ಉರಿಯೂತ.

ಹುಬ್ಬಳ್ಳಿಯ ಸಹೋದರಿ, ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದು ಅಪ್ನಿಯದ ಗುರುತು ಆಗಿರಬಹುದು. ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆಯುವಾಗ ಎದೆಯ ಒಳಗೆ ಒತ್ತಡ ಇಳಿಯುತ್ತದೆ, ಹೃದಯದ ಮೇಲ್ಕೋಣೆ ಹಿಗ್ಗುತ್ತದೆ. ರಕ್ತ ಜಾಸ್ತಿ ಆಗಿದೆ ಅಂತ ತಪ್ಪಾಗಿ ತಿಳಿದು, ನೀರು ಹೊರಹಾಕುವ ಹಾರ್ಮೋನ್ ಬಿಡುತ್ತದೆ. ಶುಗರ್ ಇಲ್ಲ, ಪ್ರಾಸ್ಟೇಟ್ ಸರಿ ಇದೆ ಅಂದಮೇಲೆ ನಿದ್ದೆ ಪರೀಕ್ಷೆ ಮಾಡಿಸಲೇಬೇಕು. ಅದರಲ್ಲೂ ಲಾರಿ ಓಡಿಸುವವರು ಮುಂದೆ ಹಾಕಬಾರದು.

ಬಯಲುಸೀಮೆ ಗಣಿತ ಮೇಷ್ಟ್ರು
ಡಾಕ್ಟ್ರೇ, ಒಂದು ಸಂಶಯ. ಹೊಟ್ಟೆ ಬಂದವರಿಗೆ ಗೊರಕೆ ಬರುತ್ತೆ, ಹೊಟ್ಟೆ ಬಂದವರಿಗೆ ಫ್ಯಾಟಿ ಲಿವರೂ ಬರುತ್ತೆ. ಹಾಗಾದ್ರೆ ಎರಡಕ್ಕೂ ಬೇರು ಹೊಟ್ಟೆಯೇ ಅಲ್ವಾ? ಗೊರಕೆಯಿಂದ ಲಿವರ್ ಕೆಡುತ್ತದೆ ಅಂತ ಹೇಳಲು ಏನಾಧಾರ?

ಕರಾವಳಿ ವೈದ್ಯ
ಮೇಷ್ಟ್ರೇ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. ಬೇರು ಬಹುಪಾಲು ಹೊಟ್ಟೆಯೇ. ಅದರಲ್ಲಿ ಅನುಮಾನ ಬೇಡ.

ಆದರೆ ಪ್ಯಾರಿಸ್‌ನಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಬಂದವರ ಲಿವರ್ ತುಣುಕು ತೆಗೆದು ನೋಡಿದ್ದಾರೆ. 2012ರಲ್ಲಿ ಪ್ರಕಟವಾಯಿತು. ಹೆಚ್ಚುಕಡಿಮೆ ಒಂದೇ ಗಾತ್ರದ ಮನುಷ್ಯರು. ಅವರಲ್ಲೇ ರಾತ್ರಿ ಆಮ್ಲಜನಕ ಜಾಸ್ತಿ ಇಳಿಯುತ್ತಿದ್ದವರ ಲಿವರ್ ಹೆಚ್ಚು ಕೆಟ್ಟಿತ್ತು. ಅಮೆರಿಕದ ಕೊಲೊರಾಡೊದಲ್ಲಿ ಫ್ಯಾಟಿ ಲಿವರ್ ಇದ್ದ ಹದಿಹರೆಯದ ಮಕ್ಕಳಲ್ಲೂ ಇದೇ ಕಂಡಿದೆ. ಹಾಗಾಗಿ ಹೊಟ್ಟೆಯ ಲೆಕ್ಕ ಕಳೆದಮೇಲೂ ಏನೋ ಒಂದು ಉಳಿಯುತ್ತದೆ.

ಇನ್ನೊಂದು ಮುಖವನ್ನೂ ಹೇಳಲೇಬೇಕು. ನಿದ್ದೆಯಲ್ಲಿ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಹಾಕಿಕೊಂಡರೆ ಲಿವರ್ ಕೊಬ್ಬು ಇಳಿಯಬೇಕಲ್ಲವೇ? ಹಾಂಗ್‌ಕಾಂಗ್‌ನಲ್ಲಿ 120 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಸರಿಯಾದ ಒತ್ತಡ, ಇನ್ನೊಂದಕ್ಕೆ ಸಾಲದಷ್ಟು ಕಡಿಮೆ ಒತ್ತಡ. ಆರು ತಿಂಗಳ ನಂತರ ಲಿವರ್ ಕೊಬ್ಬಿನಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ತೂಕ ಇಳಿಸಿದವರ ಕೊಬ್ಬು ಇಳಿದಿತ್ತು. ಆದ್ದರಿಂದ ಯಂತ್ರ ಹಾಕಿಕೊಂಡೆ, ಲಿವರ್ ತಾನೇ ಸರಿಯಾಗುತ್ತೆ ಅಂತ ಯಾರೂ ಸುಮ್ನೆ ಕೂರಬೇಡಿ. ಯಂತ್ರ ಬೇಕು. ಬಿಪಿಗೆ, ಹಗಲಿನ ಎಚ್ಚರಕ್ಕೆ, ರಸ್ತೆಯಲ್ಲಿ ಜೀವ ಉಳಿಯುವುದಕ್ಕೆ. ಲಿವರ್‌ಗೆ ತೂಕ ಇಳಿಸಲೇಬೇಕು.

ತುಂಗಾತೀರದವ
ಇದನ್ನು ನನಗೆ ಯಾರೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಎಷ್ಟು ತೂಕ ಇಳಿಸಬೇಕು ಸರ್? ನಾನೀಗ 92 ಕೆಜಿ.

ಕರಾವಳಿ ವೈದ್ಯ
ತೂಕದ ನೂರಕ್ಕೆ 5 ಇಳಿದರೆ ಲಿವರ್ ಕೊಬ್ಬು ಕಡಿಮೆಯಾಗಲು ಶುರು. 7ರಿಂದ 10 ಇಳಿದರೆ ಉರಿಯೂತ ತಗ್ಗುತ್ತದೆ. 10 ದಾಟಿದರೆ ಒಳಗೆ ಕಲೆ ಕಟ್ಟಿ ಗಟ್ಟಿಯಾಗಿದ್ದ ಲಿವರ್ ಕೂಡ ಮೆತ್ತಗಾಗುವ ಸಾಧ್ಯತೆ ಹೆಚ್ಚು. ನಿದ್ದೆಯ ಕಡೆಗೂ ಇದೇ ಲೆಕ್ಕ ಫಲ ಕೊಡುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ಜನರನ್ನು ಹಿಂಬಾಲಿಸಿ ನೋಡಿದ್ದಾರೆ. ತೂಕ ನೂರಕ್ಕೆ 10 ಇಳಿದರೆ ಉಸಿರು ನಿಲ್ಲುವ ಲೆಕ್ಕ ಸುಮಾರು ನೂರಕ್ಕೆ 26 ಇಳಿಯುತ್ತದೆ ಅಂತ ಅಂದಾಜು ಮಾಡಿದರು. ನಿಮ್ಮ ಲೆಕ್ಕದಲ್ಲಿ 9 ಕೆಜಿ. ಆರು ತಿಂಗಳಿಂದ ಒಂದು ವರ್ಷ ಸಮಯ ಕೊಡಿ, ಉಪವಾಸ ಬೀಳಬೇಡಿ.

ಮಲೆನಾಡ ಕಷಾಯ
ನಮ್ಮ ಮನೆಯಲ್ಲಿ ಲಿವರ್‌ಗೆ ನೆಲನೆಲ್ಲಿ, ಅಮೃತಬಳ್ಳಿ ಕಷಾಯ ಕುಡಿಯುತ್ತೇವೆ. ಅಜ್ಜನ ಕಾಲದಿಂದ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಕುಡಿದು ನೋಡಿ.

ಕರಾವಳಿ ವೈದ್ಯ
ನಿಮ್ಮ ಕಾಳಜಿ ಅರ್ಥವಾಗುತ್ತೆ. ಆದರೆ ಅಮೃತಬಳ್ಳಿಯ ಬಗ್ಗೆ ದಯವಿಟ್ಟು ಎಚ್ಚರ. ಕೋವಿಡ್ ಕಾಲದಲ್ಲಿ ಜನ ಅದನ್ನು ದಿನಾ ಕುಡಿದರು. ಮುಂಬೈಯಲ್ಲಿ ಅದರಿಂದ ಲಿವರ್ ಊದಿಕೊಂಡು ಬಂದ ರೋಗಿಗಳ ವಿವರ 2021ರಲ್ಲಿ ಪ್ರಕಟವಾಗಿದೆ. ಕಾಮಾಲೆ ಆಗಿತ್ತು ಅವರಿಗೆ. ಆಗಲೇ ಲಿವರ್ ತೊಂದರೆ ಇರುವವರು, ಥೈರಾಯ್ಡ್ ಥರದ ತೊಂದರೆ ಇರುವವರು ತಮ್ಮಷ್ಟಕ್ಕೆ ತಾವೇ ಕುಡಿಯಬಾರದು. ಏನೇ ಕುಡಿಯುತ್ತಿದ್ದರೂ ನಿಮ್ಮ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ಮಲೆನಾಡ ಕಷಾಯ
ಇದು ನನಗೆ ಗೊತ್ತಿರಲಿಲ್ಲ. ನನ್ನ ಚಿಕ್ಕಮ್ಮನಿಗೆ ಥೈರಾಯ್ಡ್ ಇದೆ, ಅವರೂ ಕುಡಿಯುತ್ತಾರೆ. ಇವತ್ತೇ ಫೋನ್ ಮಾಡಿ ಹೇಳುತ್ತೇನೆ.

ಮೈಸೂರು ಮಲ್ಲಿಗೆ
ನನ್ನದೂ ಒಂದು ಇದೆ. ಹೇಳಲೋ ಬೇಡವೋ ಅಂತಿದ್ದೆ. ನನಗೆ 57, ನಿವೃತ್ತ ಶಿಕ್ಷಕಿ. ಜೋರು ಗೊರಕೆ ಇಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರ, ಆಮೇಲೆ ನಿದ್ದೆ ಬಾರದು. ಬೆಳಿಗ್ಗೆ ಬಾಯಿ ಒಣಗಿರುತ್ತೆ. ಮುಟ್ಟು ನಿಂತ ಮೇಲೆ ಹೀಗೇ ಅಂತ ಎಲ್ಲರೂ ಹೇಳಿದರು. ನಿದ್ದೆ ಮಾತ್ರೆ ಕೊಟ್ಟರು. ಮಾತ್ರೆ ತಗೊಂಡ ದಿನ ಬೆಳಿಗ್ಗೆ ಇನ್ನೂ ಮಂಕು. ತೂಕವೂ ಅಂಥ ಜಾಸ್ತಿ ಏನಿಲ್ಲ, 62 ಕೆಜಿ. ಆದರೆ ಸ್ಕ್ಯಾನ್‌ನಲ್ಲಿ ಗ್ರೇಡ್ 1 ಬಂದಿದೆ. ನನ್ನಂಥವರಿಗೂ ಇದು ಇರಬಹುದಾ?

ಕರಾವಳಿ ವೈದ್ಯ
ಇರಬಹುದು ಅಮ್ಮ. ಹೆಂಗಸರಲ್ಲಿ ಇದು ಗೊರಕೆಯ ರೂಪದಲ್ಲೇ ಬರಬೇಕೆಂದಿಲ್ಲ. ಸುಸ್ತು, ನಿದ್ರಾಹೀನತೆ, ಬೆಳಗಿನ ತಲೆನೋವು, ಬೇಜಾರು ಅಂತ ಬರುತ್ತದೆ. ಅದಕ್ಕೇ ತಪ್ಪಿಹೋಗುತ್ತದೆ. ಮುಟ್ಟು ನಿಂತ ಮೇಲೆ ಅಪಾಯ ಹೆಚ್ಚುತ್ತದೆ. ಕೆಲವು ನಿದ್ದೆ ಮಾತ್ರೆಗಳು ಗಂಟಲನ್ನು ಇನ್ನೂ ಸಡಿಲ ಮಾಡುತ್ತವೆ. ಮದ್ಯವೂ ಹಾಗೇ ಮಾಡುತ್ತದೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಕೊಟ್ಟವರ ಹತ್ತಿರ ಇದನ್ನು ಹೇಳಿ ಮಾತಾಡಿ.

ತೂಕದ ವಿಷಯಕ್ಕೆ ಬಂದರೆ, ನಮ್ಮ ದೇಶದವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 23 ದಾಟಿದರೇ ಎಚ್ಚರ ಬೇಕು. ತಕ್ಕಡಿಗಿಂತ ಟೇಪು ಮುಖ್ಯ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ, ಇದು ನಮ್ಮಲ್ಲಿ ತುಂಬ ಜನರ ಮೈಕಟ್ಟು.

ಐಟಿ ಹುಡುಗ
ಹೈದರಾಬಾದ್‌ನಲ್ಲಿ ಐಟಿಯವರನ್ನು ಪರೀಕ್ಷೆ ಮಾಡಿ 2025ರಲ್ಲಿ ಪ್ರಕಟಿಸಿದ್ದರಲ್ಲ, 345 ಜನರಲ್ಲಿ ನೂರಕ್ಕೆ 84 ಮಂದಿಗೆ ಲಿವರ್ ಕೊಬ್ಬು. ಅದನ್ನು ಓದಿದ ದಿನ ನಮ್ಮ ಟೀಮಲ್ಲಿ ಒಂದು ಗಂಟೆ ಇದೇ ಮಾತು. ರಾತ್ರಿ ಪಾಳಿ, ಕುರ್ಚಿ, ಹನ್ನೊಂದು ಗಂಟೆಗೆ ಆರ್ಡರ್ ಮಾಡಿದ ಬಿರಿಯಾನಿ. ನಮ್ಮ ಕಥೆ ಬೇರೆ ಏನಲ್ಲ. ಆದರೆ ಆ ಒಂದು ಗಂಟೆಯಲ್ಲಿ ನಿದ್ದೆಯ ಸುದ್ದಿಯನ್ನು ಒಬ್ಬರೂ ಎತ್ತಲಿಲ್ಲ.

ಹುಬ್ಬಳ್ಳಿ ಮನೆಮಾತು
ಡಾಕ್ಟ್ರೇ, ಯಜಮಾನರ ರಕ್ತದ ರಿಪೋರ್ಟ್ ಇಲ್ಲಿದೆ. ಲಿವರ್ ಪರೀಕ್ಷೆಯ ಎರಡು ಅಂಕಿ, ಎಸ್‌ಜಿಒಟಿ 62, ಎಸ್‌ಜಿಪಿಟಿ 58, ಪ್ಲೇಟ್ಲೆಟ್ 1 ಲಕ್ಷ 70 ಸಾವಿರ. ಇದು ಗಾಬರಿಯಾಗುವಂಥದ್ದಾ?

ಬಯಲುಸೀಮೆ ಗಣಿತ ಮೇಷ್ಟ್ರು
ನನ್ನ ಅಳಿಯ ಒಂದು ಲೆಕ್ಕ ಹೇಳಿಕೊಟ್ಟಿದ್ದ. ಫಿಬ್-4 ಅಂತಾರೆ, ಲಿವರ್ ಎಷ್ಟು ಗಟ್ಟಿಯಾಗಿರಬಹುದು ಅಂತ ಅಂದಾಜು ಮಾಡುವುದಕ್ಕೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. 52 ಗುಣಿಸು 62, ಅಂದರೆ 3224. ಆಮೇಲೆ ಎಸ್‌ಜಿಪಿಟಿಯ ವರ್ಗಮೂಲ, 58ಕ್ಕೆ ಸುಮಾರು 7.6. ಅದನ್ನು ಪ್ಲೇಟ್ಲೆಟ್‌ನಿಂದ ಗುಣಿಸಬೇಕು, ಸಾವಿರದ ಲೆಕ್ಕದಲ್ಲಿ 170. ಸುಮಾರು 1295 ಆಗುತ್ತೆ. 3224ನ್ನು 1295ರಿಂದ ಭಾಗಿಸಿದರೆ 2.49. ಡಾಕ್ಟ್ರೇ, ಸರಿ ಇದೆಯಾ ನೋಡಿ.

ಕರಾವಳಿ ವೈದ್ಯ
ಲೆಕ್ಕ ಸರಿ ಇದೆ ಮೇಷ್ಟ್ರೇ. 1.3ಕ್ಕಿಂತ ಕಡಿಮೆ ಬಂದರೆ ಲಿವರ್ ತೀರಾ ಗಟ್ಟಿಯಾಗಿರುವ ಸಂಭವ ಕಡಿಮೆ. 2.67 ದಾಟಿದರೆ ಕೂಡಲೇ ಲಿವರ್ ತಜ್ಞರ ಹತ್ತಿರ ಹೋಗಬೇಕು. ನಡುವೆ ಬಂದವರಿಗೆ ಫೈಬ್ರೊಸ್ಕ್ಯಾನ್ ಬೇಕು, ಅಂದರೆ ಲಿವರ್‌ನ ಗಟ್ಟಿತನ, ಕೊಬ್ಬು ಅಳೆಯುವ ಸ್ಕ್ಯಾನ್. ಸಹೋದರಿ, ನಿಮ್ಮವರದ್ದು ನಡುವೆ ಇದೆ, ಮೇಲಿನ ಗೆರೆಗೆ ಹತ್ತಿರ. ಗಾಬರಿ ಬೇಡ, ತಡವೂ ಬೇಡ. ಫೈಬ್ರೊಸ್ಕ್ಯಾನ್‌ನಲ್ಲಿ ನೋವಿಲ್ಲ. ಮೂರು ಗಂಟೆ ಏನೂ ತಿನ್ನದೆ ಹೋಗಬೇಕು. ಪಕ್ಕೆಲುಬಿನ ನಡುವೆ ಬೆರಳಲ್ಲಿ ಮೆಲ್ಲಗೆ ತಟ್ಟಿದ ಹಾಗೆ ಅನಿಸುತ್ತೆ, ಹತ್ತು ನಿಮಿಷದಲ್ಲಿ ಮುಗಿಯುತ್ತೆ.

ಹುಬ್ಬಳ್ಳಿ ಮನೆಮಾತು
ಹೇಳಿ ನೋಡಿದೆ. ಬರಲ್ಲ ಅಂತಾರೆ. ಸ್ಕ್ಯಾನ್‌ಗೆ ಒಪ್ಪುತ್ತಾರೆ, ನಿದ್ದೆ ಪರೀಕ್ಷೆಗೆ ಒಪ್ಪಲ್ಲ. ನಿನ್ನೆ ಕೊನೆಗೆ ಕಾರಣ ಹೇಳಿದರು. ಕಾಗದದಲ್ಲಿ ನಿದ್ದೆ ಕಾಯಿಲೆ ಅಂತ ಬರೆದರೆ ಮಾಲೀಕರು ಸ್ಟಿಯರಿಂಗ್ ಕೊಡಲ್ಲ, ಇಬ್ಬರು ಮಕ್ಕಳ ಫೀಸು ಯಾರು ಕಟ್ಟುತ್ತಾರೆ ಅಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಹೋದ ತಿಂಗಳು ಟೋಲ್ ಸಾಲಿನಲ್ಲಿ ನಿಂತಿದ್ದಾಗ ನಿದ್ದೆ ಹತ್ತಿ, ಹಿಂದಿನವರು ಇಳಿದು ಬಂದು ಬಾಗಿಲು ಬಡಿದು ಎಬ್ಬಿಸಿದರಂತೆ. ಅದನ್ನೂ ನಿನ್ನೆಯೇ ಹೇಳಿದ್ದು.

ತುಂಗಾತೀರದವ
ಅಕ್ಕ, ಅವರಿಗೆ ನನ್ನ ನಂಬರ್ ಕೊಡಿ, ನಿಮಗೆ ಬೇರೆಯಾಗಿ ಕಳಿಸಿದ್ದೇನೆ. ನಾನು ಮಾತಾಡುತ್ತೇನೆ. ನಾನೂ ಎರಡು ವರ್ಷ ಹೊರ ವರ್ತುಲ ರಸ್ತೆಯಲ್ಲಿ ಅರೆನಿದ್ದೆಯಲ್ಲೇ ಕಾರು ಓಡಿಸಿದ್ದೇನೆ. ಯಂತ್ರ ಹಾಕಿಕೊಂಡು ಎಚ್ಚರವಾಗಿ ಓಡಿಸುವ ಡ್ರೈವರ್, ಪರೀಕ್ಷೆ ಮಾಡಿಸದೆ ತೂಕಡಿಸುವ ಡ್ರೈವರ್‌ಗಿಂತ ಮಾಲೀಕರಿಗೂ ಒಳ್ಳೆಯದೇ.

ಐಟಿ ಹುಡುಗ
ತೂಕ ಇಳಿಸುವ ಇಂಜೆಕ್ಷನ್ ಇದಕ್ಕೂ ಕೊಡ್ತಾರೆ ಅಂತ ಕೇಳಿದೆ, ನಿಜಾನಾ?

ಕರಾವಳಿ ವೈದ್ಯ
ನಿಜ. ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಅಪ್ನಿಯ ಇರುವವರಿಗೆ ಟಿರ್ಜೆಪಟೈಡ್ ಕೊಡಬಹುದು ಅಂತ ಅಮೆರಿಕದ ಔಷಧ ಇಲಾಖೆ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಲಿವರ್ ಉರಿಯೂತದ ಜೊತೆ ಒಂದು ಮಟ್ಟಕ್ಕೆ ಗಟ್ಟಿಯಾಗಿರುವವರಿಗೆ ಸೆಮಾಗ್ಲುಟೈಡ್‌ಗೆ 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಟಿರ್ಜೆಪಟೈಡ್ 2025ರ ಮಾರ್ಚ್‌ನಿಂದ ನಮ್ಮ ದೇಶದಲ್ಲೂ ಸಿಗುತ್ತದೆ. ಬೆಲೆ ಕಡಿಮೆಯಲ್ಲ. ವಾಂತಿ, ಮಲಬದ್ಧತೆ ಆಗಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಚುಚ್ಚಿಕೊಳ್ಳುವಂಥದ್ದಲ್ಲ. ನಿಲ್ಲಿಸಿದರೆ ತೂಕ ಮರಳುವುದು ಸಾಮಾನ್ಯ.

ತುಂಗಾತೀರದವ
ಏಳು ತಿಂಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ತುಂಬ ಜನ ಏನಾಯಿತು ಅಂತ ಕೇಳಿದ್ದೀರಿ.

ಯಂತ್ರದ ಮೊದಲ ಎರಡು ವಾರ ಕಷ್ಟವಾಯಿತು. ಮೂಗು, ಬಾಯಿ ಎರಡೂ ಮುಚ್ಚುವ ಮಾಸ್ಕ್ ಕೊಟ್ಟಿದ್ದರು. ರಾತ್ರಿ ಎರಡಕ್ಕೆ ನನಗೇ ಗೊತ್ತಿಲ್ಲದೆ ಕಿತ್ತು ಎಸೆಯುತ್ತಿದ್ದೆ. ಬೆಳಿಗ್ಗೆ ಕೆನ್ನೆ ಮೇಲೆ ಪಟ್ಟಿಯ ಗುರುತು. ಮಗಳು ಅದನ್ನು ಬೆರಳಲ್ಲಿ ಸವರಿ "ನೋಯುತ್ತಾ ಅಪ್ಪ" ಅನ್ನುತ್ತಿದ್ದಳು. ಮಾಸ್ಕ್ ಬದಲಿಸಿ ಮೂಗಿಗಷ್ಟೇ ಕೂರುವುದನ್ನು ತಂದೆ. ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಸುಮ್ನೆ ಹಾಕಿಕೊಂಡು ಅಭ್ಯಾಸ ಮಾಡಿದೆ. ಯಂತ್ರದ ನೀರಿನ ಡಬ್ಬಿಗೆ ಕೊಳಾಯಿ ನೀರು ಹಾಕದೆ ಡಿಸ್ಟಿಲ್ಡ್ ವಾಟರ್ ಹಾಕಿದೆ. ಮೂರನೇ ವಾರ ಒಂದು ಬೆಳಿಗ್ಗೆ ಅಲಾರಂಗಿಂತ ಮೊದಲೇ ಎಚ್ಚರ ಆಯಿತು. ತಲೆನೋವಿಲ್ಲ. ಪಕ್ಕದಲ್ಲಿ ಹೆಂಡತಿ ಗಾಢ ನಿದ್ದೆಯಲ್ಲಿದ್ದಳು. ಅವಳು ಹಾಗೆ ಮಲಗಿದ್ದನ್ನು ನೋಡಿ ಎಷ್ಟು ವರ್ಷ ಆಗಿತ್ತೋ. ನನ್ನ ಉಸಿರು ಎಣಿಸುವ ಕೆಲಸ ಅವಳಿಗೆ ಅಂದು ಇರಲಿಲ್ಲ.

ನಿದ್ದೆ ಸರಿಯಾದ ಮೇಲೆ ಸಂಜೆ ಐದಕ್ಕೆ ಬೇಕರಿ ಮುಂದೆ ನಿಂತು ಪಫ್ಸ್, ಟೀ ಬೇಕೆನಿಸುವ ಆ ಹಸಿವೇ ಕಡಿಮೆಯಾಯಿತು. ನಡೆಯಲು ಶಕ್ತಿ ಬಂತು. ರಾತ್ರಿ ಅನ್ನದ ಜಾಗಕ್ಕೆ ಒಂದು ಸಣ್ಣ ಮುದ್ದೆ, ಜೊತೆಗೆ ಹೆಸರುಕಾಳು, ಸೊಪ್ಪು. ಎಂಟು ಗಂಟೆಗೆ ಊಟ ಮುಗಿಸುತ್ತೇನೆ. ಕಾಫಿಗೆ ಸಕ್ಕರೆ ಬಿಟ್ಟೆ, ಕಾಫಿ ಬಿಡಲಿಲ್ಲ. ಲಿವರ್‌ಗೆ ಕಾಫಿ ಕೆಟ್ಟದ್ದಲ್ಲ ಅಂತ ಡಾಕ್ಟರೇ ಹೇಳಿದರು.

ತೂಕ 92ರಿಂದ 84. ಫೈಬ್ರೊಸ್ಕ್ಯಾನ್‌ನಲ್ಲಿ ಕೊಬ್ಬಿನ ಅಂಕಿ 312 ಇದ್ದದ್ದು 268. ಗಟ್ಟಿತನದ ಅಂಕಿ 7.4ರಿಂದ 6.1. ಎಸ್‌ಜಿಪಿಟಿ 66ರಿಂದ 38. ಇದು ಯಂತ್ರದಿಂದಲೋ ತೂಕದಿಂದಲೋ ಅಂತ ಕೇಳಿದರೆ, ತೂಕದಿಂದ ಅಂತಲೇ ಹೇಳುತ್ತೇನೆ. ಆದರೆ ಆ ನಿದ್ದೆ ಇಲ್ಲದಿದ್ದರೆ ತೂಕ ಇಳಿಸಲು ನನ್ನಿಂದ ಆಗುತ್ತಿರಲಿಲ್ಲ.

ಮೈಸೂರು ಮಲ್ಲಿಗೆ
ಓದಿ ಕಣ್ಣು ತುಂಬಿತು ಮಗು. ನನಗೂ ಪರೀಕ್ಷೆ ಆಯಿತು. ಗಂಟೆಗೆ 19. ನಿದ್ದೆ ಮಾತ್ರೆ ನಿಲ್ಲಿಸಿದ್ದಾರೆ, ಯಂತ್ರ ಶುರುವಾಗಿದೆ. ಮಗ್ಗುಲಾಗಿ ಮಲಗಲು ಹೇಳಿದ್ದಾರೆ, ಬೆನ್ನಿಗೆ ದಿಂಬು ಕೊಟ್ಟು ಮಲಗುತ್ತೇನೆ.

ಹುಬ್ಬಳ್ಳಿ ಮನೆಮಾತು
ತುಂಗಾತೀರದ ಅಣ್ಣಾರು ನಾಲ್ಕು ಸಲ ಫೋನ್ ಮಾಡಿ ಮಾತಾಡಿದರು. ಮೊದಲು ಫೈಬ್ರೊಸ್ಕ್ಯಾನ್ ಆಯಿತು. ಗಟ್ಟಿತನದ ಅಂಕಿ 9.2 ಬಂದಿದೆ, ಲಿವರ್ ಡಾಕ್ಟರ್ ನೋಡುತ್ತಿದ್ದಾರೆ. ಈಗ ನಿದ್ದೆ ಪರೀಕ್ಷೆಗೂ ಒಪ್ಪಿದ್ದಾರೆ. ಗುರುವಾರ ರಾತ್ರಿ ಎಂಟಕ್ಕೆ ಬರಲು ಹೇಳಿದ್ದಾರೆ. ಒಂದು ಕೇಳಬೇಕಿತ್ತು. ಅವರಿಗೆ ತಲೆಗೆ ಎಣ್ಣೆ ಹಾಕದೆ ನಿದ್ದೆ ಬರಲ್ಲ. ಆ ದಿನ ಹಾಕಬಹುದಾ?

ಕರಾವಳಿ ವೈದ್ಯ
ಬೇಡ. ತಲೆಗೆ ವೈರ್ ಅಂಟಿಸುತ್ತಾರೆ, ಎಣ್ಣೆ ಇದ್ದರೆ ನಿಲ್ಲುವುದಿಲ್ಲ. ಬೆಳಿಗ್ಗೆ ಶಾಂಪೂ ಹಾಕಿ ಸ್ನಾನ ಮಾಡಿಸಿ ಕಳಿಸಿ. ಮಧ್ಯಾಹ್ನದ ಮೇಲೆ ಕಾಫಿ, ಟೀ ಕೊಡಬೇಡಿ, ಹಗಲು ಮಲಗಲು ಬಿಡಬೇಡಿ. ಅವರು ದಿನಾ ಮಲಗುವ ದಿಂಬು, ಲುಂಗಿ ಜೊತೆಗೆ ಕೊಡಿ.

ಹುಬ್ಬಳ್ಳಿ ಮನೆಮಾತು
ಆಯಿತು ಡಾಕ್ಟ್ರೇ. ದಿಂಬಿನ ಕವರ್ ಇವತ್ತೇ ಒಗೆದು ಹಾಕಿದ್ದೇನೆ.